ಹದಿಹರೆಯದ ಮಕ್ಕಳ ಒತ್ತಡ: ಮಲೆನಾಡಿನ ಮನೆ, ಶಾಲೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಬೆಳಿಗ್ಗೆ ಏಳರ ಬಸ್ಸು ತಪ್ಪಿದರೆ ಒಂಬತ್ತೂವರೆಯವರೆಗೆ ಇನ್ನೊಂದು ಬಸ್ಸಿಲ್ಲದ ಊರು ಎಂದುಕೊಳ್ಳಿ. ಅಲ್ಲಿನ ಒಂಬತ್ತನೇ ತರಗತಿಯ ಹುಡುಗಿಗೆ ದಿನಾ ಬೆಳಿಗ್ಗೆ ಹೊಟ್ಟೆ ಹಿಂಡಿದಂತಾಗುತ್ತದೆ, ತಿಂಡಿ ಸೇರುವುದಿಲ್ಲ. ಶಾಲೆಯಲ್ಲಿ ಅವಳಿಗೆ ಹತ್ತು ನಿಮಿಷ ಧ್ಯಾನ ಮಾಡು ಎನ್ನುತ್ತಾರೆ. ಧ್ಯಾನದಿಂದ ಕೆಟ್ಟದ್ದೇನೂ ಆಗುವುದಿಲ್ಲ, ಆದರೆ ಹೊಟ್ಟೆ ಹಿಂಡುತ್ತಿರುವುದು ಬಸ್ಸು. ತಡವಾಗಿ ಬಂದವರನ್ನು ಬಾಗಿಲ ಹೊರಗೆ ನಿಲ್ಲಿಸುವ ನಿಯಮವನ್ನು ಬಸ್ಸಿನ ಮಕ್ಕಳಿಗೆ ಸಡಿಲಿಸಿದರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ.

ಒತ್ತಡದ ವಿಚಾರದಲ್ಲಿ ನಾವು ಸೋಲುವುದು ಹೆಚ್ಚಾಗಿ ಹೀಗೇ. ಮದ್ದು ಸರಿಯಾದದ್ದೇ, ಹಚ್ಚಿದ ಜಾಗ ತಪ್ಪು. ಹಾಗಾಗಿ ಉಸಿರಾಟ, ವೇಳಾಪಟ್ಟಿ ಎಲ್ಲವೂ ಇಲ್ಲಿದ್ದರೂ ಅವು ಬರುವುದು ಆಮೇಲೆ. ಭಾರ ಎಲ್ಲಿಂದ ಬೀಳುತ್ತಿದೆ ಎಂದು ಗುರುತಿಸುವುದು ಮೊದಲು. ಏಳನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ, ಅಂದರೆ ಸುಮಾರು 12ರಿಂದ 17 ವರ್ಷದ ಮಕ್ಕಳ ತಂದೆ ತಾಯಿ, ಶಿಕ್ಷಕರು ಮತ್ತು ಹಾಸ್ಟೆಲ್ ವಾರ್ಡನ್‌ಗಳಿಗಾಗಿ ಇದನ್ನು ಬರೆದಿದೆ.

ಎಲ್ಲಕ್ಕಿಂತ ಮೊದಲು

ಮಗು ಸಾಯುವ ಮಾತಾಡಿದ್ದರೆ, ಮೈಗೆ ತಾನೇ ಗಾಯ ಮಾಡಿಕೊಂಡಿದ್ದರೆ, ಇಷ್ಟದ ವಸ್ತುಗಳನ್ನು ಇದ್ದಕ್ಕಿದ್ದಂತೆ ಬೇರೆಯವರಿಗೆ ಹಂಚುತ್ತಿದ್ದರೆ ಕೆಳಗಿನ ಹಂತಗಳನ್ನು ಬದಿಗಿಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ರಾತ್ರಿಯೂ ಯಾರಾದರೂ ಜೊತೆಯಲ್ಲಿ ಮಲಗಿ. ತೋಟಕ್ಕೆ ಹೊಡೆಯುವ ಔಷಧಿ, ಅಜ್ಜನ ಮಾತ್ರೆ ಡಬ್ಬಿ, ಮನೆಯಲ್ಲಿ ಕೋವಿಯಿದ್ದರೆ ಅದು, ಎಲ್ಲವನ್ನೂ ಬೀಗದೊಳಗೆ ಇಟ್ಟು ಕೀಲಿಯನ್ನು ದೊಡ್ಡವರೊಬ್ಬರು ಮೈಮೇಲೇ ಇಟ್ಟುಕೊಳ್ಳಿ. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನನ್ನಾದರೂ ಸೇವಿಸಿದ ಅನುಮಾನವಿದ್ದರೆ 108 ಅಥವಾ 112. ಆಂಬುಲೆನ್ಸ್ ಬರಲು ತಡವಾಗುವ ಊರಾದರೆ ಸಿಕ್ಕ ವಾಹನದಲ್ಲೇ ಹೊರಡಿ.

"ಸಾಯಬೇಕು ಅನ್ನಿಸ್ತಾ ಇದೆಯಾ?" ಎಂದು ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತೆ ಎಂಬ ಹೆದರಿಕೆ ಎಲ್ಲರಿಗೂ ಇದೆ, ಅದು ನಿಜವಲ್ಲ. ಯಾರೋ ಕೇಳಿದರಲ್ಲ ಎಂದು ಮಗುವಿನ ಎದೆ ಹಗುರಾಗುವುದೇ ಹೆಚ್ಚು.

ಮೈಯೊಳಗೆ ಏನಾಗುತ್ತದೆ

ತೋಟದ ದಾರಿಯಲ್ಲಿ ಕಾಟಿ (ಕಾಡುಕೋಣ) ಎದುರಾದರೆ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ರಕ್ತ ಹೊಟ್ಟೆ ಬಿಟ್ಟು ಕೈಕಾಲಿನ ಸ್ನಾಯುಗಳ ಕಡೆ ಹರಿಯುತ್ತದೆ. ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳ ಕೆಲಸ ಅದು. ಗಣಿತದ ಪ್ರಶ್ನೆಪತ್ರಿಕೆ ಎದುರಾದಾಗಲೂ ಮೈ ಮಾಡುವುದು ಅದನ್ನೇ, ಕಾಟಿಗೂ ಕಾಗದಕ್ಕೂ ಅದು ಭೇದ ಎಣಿಸುವುದಿಲ್ಲ. ಆದ್ದರಿಂದ ಪರೀಕ್ಷೆಯ ದಿನದ ಹೊಟ್ಟೆನೋವು ನಾಟಕವಲ್ಲ, ನಿಜವಾದ ನೋವು. ಇಷ್ಟನ್ನು ಮನೆಯವರು ಒಪ್ಪಿಕೊಂಡರೆ ಮುಂದಿನ ದಾರಿ ಸಲೀಸು.

ತುಸು ಒತ್ತಡ ಬೇಕು ಕೂಡ. ಏನೂ ಇಲ್ಲದಿದ್ದರೆ ಪುಸ್ತಕ ತೆರೆಯುವುದೇ ಇಲ್ಲ. ಒಂದು ಮಟ್ಟದವರೆಗೆ ಅದು ಗಮನ ಹೆಚ್ಚಿಸುತ್ತದೆ, ದಾಟಿದರೆ ಓದಿದ್ದೂ ನೆನಪಿಗೆ ಬಾರದಂತೆ ಮಾಡುತ್ತದೆ. ಇನ್ನೊಂದು ಮಾತು: ಮಿದುಳಿನಲ್ಲಿ ಹಿಂದುಮುಂದು ಯೋಚಿಸುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಸಿಟ್ಟಲ್ಲೋ ಅಳುವಲ್ಲೋ ಇರುವ ಹದಿನಾಲ್ಕರ ಹುಡುಗನಿಗೆ "ಸ್ವಲ್ಪ ಯೋಚನೆ ಮಾಡಬಾರದಿತ್ತೇನೋ?" ಎಂದರೆ ಆ ಕ್ಷಣ ಅವನಲ್ಲಿ ಉತ್ತರವಿರುವುದಿಲ್ಲ. ಅರ್ಧ ಗಂಟೆ ಬಿಟ್ಟು ಕೇಳಿ.

ಹಂತ 1: ಏಳು ದಿನದ ಪುಸ್ತಕ

ಒಂದು ಸಣ್ಣ ನೋಟ್‌ಬುಕ್. ಪುಟಕ್ಕೆ ಐದು ಗೆರೆಮನೆ: ಯಾವಾಗ, ಏನಾಯಿತು, ಮೈಯಲ್ಲಿ ಏನನ್ನಿಸಿತು, 0ರಿಂದ 10ರೊಳಗೆ ಎಷ್ಟು, ಆಮೇಲೆ ಏನು ಮಾಡಿದೆ. ದಿನಕ್ಕೆ ಮೂರು ಸಲ, ಶಾಲೆಗೆ ಹೋಗುವ ಮುನ್ನ, ಶಾಲೆಯಿಂದ ಬಂದ ಮೇಲೆ, ಮಲಗುವ ಮುನ್ನ, ಎರಡೆರಡು ನಿಮಿಷ. ತುಂಬಿದ ಪುಟ ಹೀಗಿರುತ್ತದೆ:

ಸೋಮವಾರ ಬೆಳಿಗ್ಗೆ 6.50. ಬಸ್ಸಿಗೆ ಓಡಿದ್ದು. ಹೊಟ್ಟೆ ಹಿಂಡಿತು. 7. ತಿಂಡಿ ಬಿಟ್ಟೆ.
11.20. ಇಂಗ್ಲಿಷ್ ಪಾಠ ಓದಲು ಎಬ್ಬಿಸಿದರು. ಕೈ ಬೆವರಿತು, ಎಲ್ಲರೂ ನಕ್ಕರು. 9. ತಲೆನೋವು ಅಂತ ಕೂತೆ.
ರಾತ್ರಿ 9.30. ಅಪ್ಪಯ್ಯ ಅಮ್ಮನ ಹತ್ತಿರ ಸೊಸೈಟಿ ಸಾಲದ ಮಾತಾಡಿದ್ದು ಕೇಳಿತು. ನಿದ್ದೆ ಬರಲಿಲ್ಲ. 6. ಮೊಬೈಲ್ ನೋಡಿದೆ.

ಮೂರು ಸಾಲಿನಲ್ಲಿ ಮೂರು ಬೇರೆ ಬೇರೆ ಭಾರಗಳಿವೆ. "ಮಗಳಿಗೆ ಓದಿನ ಟೆನ್ಶನ್" ಎಂದು ಮನೆಯವರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದದ್ದು ಇದನ್ನೇ.

ಈ ಹಂತ ಕೆಡುವುದು ಸಾಮಾನ್ಯವಾಗಿ ದೊಡ್ಡವರಿಂದ. ಪುಸ್ತಕ ಮಗುವಿನದು, ಅದು ತೋರಿಸಿದಷ್ಟನ್ನೇ ನೋಡಬೇಕು. ಕದ್ದು ಓದಿ ರಾತ್ರಿ ಊಟದ ಹೊತ್ತಿಗೆ "ಯಾರು ನಕ್ಕಿದ್ದು ಹೇಳು" ಎಂದು ಹಿಡಿದರೆ ಮರುದಿನದಿಂದ ಅದರಲ್ಲಿ ಸುಳ್ಳೇ ಇರುತ್ತದೆ. ಕಾಗುಣಿತ ತಿದ್ದುವ ಮೇಷ್ಟರ ಮನೆಗಳೂ ಇವೆ, ದಯವಿಟ್ಟು ಬೇಡ. ಮಗುವಿನ ಕಡೆಯಿಂದ ಆಗುವ ತಪ್ಪೆಂದರೆ ಏಳೂ ದಿನದ್ದನ್ನು ಭಾನುವಾರ ರಾತ್ರಿ ಒಟ್ಟಿಗೆ ಬರೆಯುವುದು. ಬರೆಯಲು ಒಲ್ಲದ ಮಗು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಅಂಕೆ ಗೀಚಿದರೂ ಸಾಕು. ಯಾವ ವಾರ ಏರುತ್ತದೆ ಎಂಬುದಾದರೂ ತಿಳಿಯುತ್ತದೆ.

ಹಂತ 2: ಮೂರು ರಾಶಿ

ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆ ಆರಿಸುವ ಹಾಗೆ, ಪುಸ್ತಕದಲ್ಲಿರುವುದನ್ನು ಮಗುವಿನ ಜೊತೆ ಕೂತು ಮೂರಾಗಿ ಆರಿಸಿ. ಮಗುವೇ ಬದಲಿಸಬಹುದಾದದ್ದು. ದೊಡ್ಡವರು ಮಾತ್ರ ಬದಲಿಸಬಹುದಾದದ್ದು. ಸದ್ಯಕ್ಕೆ ಯಾರೂ ಬದಲಿಸಲಾಗದ್ದು.

ಒಂದೊಂದು ರಾಶಿಗೆ ಮದ್ದು ಬೇರೆ. ಮೊದಲನೆಯದಕ್ಕೆ ಯೋಜನೆ ಬೇಕು, ಮೂರನೆಯದಕ್ಕೆ ಮನಸ್ಸನ್ನು ತಣಿಸುವ ಉಪಾಯ ಬೇಕು. ಇವೆರಡನ್ನು ಅದಲು ಬದಲು ಮಾಡಿದರೆ ಒತ್ತಡ ಇಳಿಯುವ ಬದಲು ಏರುತ್ತದೆ. ಆಗಲೇ ಬಂದ ಅಂಕಗಳ ಬಗ್ಗೆ ಎಷ್ಟು ಯೋಜನೆ ಹಾಕಿದರೂ ಅವು ಬದಲಾಗುವುದಿಲ್ಲ, ನಾಳೆ ಕೊಡಬೇಕಾದ ಪ್ರಾಜೆಕ್ಟ್ ಕಣ್ಮುಚ್ಚಿ ಉಸಿರೆಳೆದರೆ ಮುಗಿಯುವುದಿಲ್ಲ.

ನಡುವಿನ ರಾಶಿಯ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ದೊಡ್ಡವರು ನೋಡಲು ಒಲ್ಲದ ರಾಶಿ ಅದು. ಮಲೆನಾಡಿನಲ್ಲಿ ಅದರಲ್ಲಿ ಏನೇನಿರುತ್ತದೆ? ಮಳೆಗಾಲದಲ್ಲಿ ಹಳ್ಳ ತುಂಬಿ ಕಾಲುಸಂಕ (ಮರದ ಕಿರುಸೇತುವೆ) ದಾಟಬೇಕಾದ ದಾರಿ. ಜುಲೈ, ಆಗಸ್ಟಿನ ಮಳೆ ರಜೆ ಸರಿದೂಗಿಸಲು ನಡೆಸುವ ಶನಿವಾರದ ಪೂರ್ತಿ ತರಗತಿ, ಅದೇ ದಿನ ಸಂಜೆ ಟ್ಯೂಷನ್. ಕನ್ನಡ ಮಾಧ್ಯಮದಿಂದ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ, ಮೊದಲ ಕಿರುಪರೀಕ್ಷೆಯಲ್ಲೇ "ಏನು ಕಡಿಮೆ ಬಂತಲ್ಲ?" ಎನ್ನುವುದು. ಜಾತಿ, ಬಣ್ಣ, ಮನೆಮಾತಿನ ಮೇಲೆ ಆಡಿಕೊಳ್ಳುವುದು. ಅಡಿಕೆ ಗೊನೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿಯಲು ಕೂರಿಸುವುದು.

ಕೊನೆಯದಕ್ಕೆ ಬರೋಣ. ಮನೆಗೆಲಸ ಮಾಡಿಸುವುದೇ ತಪ್ಪೆಂದು ಹೇಳುತ್ತಿಲ್ಲ. ಜಗುಲಿಯಲ್ಲಿ ಎಲ್ಲರೊಟ್ಟಿಗೆ ಮಾತಾಡುತ್ತ ಅಡಿಕೆ ಸುಲಿಯುವುದು ಎಷ್ಟೋ ಮಕ್ಕಳಿಗೆ ಹಿತವೇ. ತೊಡಕು ಇರುವುದು ಹೊತ್ತಿನಲ್ಲಿ. ಸುಗ್ಗಿ ಜೋರಾಗುವ ಡಿಸೆಂಬರ್, ಜನವರಿಯ ಬೆನ್ನಿಗೇ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಬರುತ್ತದೆ. ಹತ್ತನೇ ತರಗತಿಯ ಮಗುವಿಗೆ ಆ ಎರಡು ತಿಂಗಳು ಸಂಜೆ 6ರಿಂದ 7 ಎಂದು ಒಂದೇ ಗಂಟೆ ಗೊತ್ತು ಮಾಡಿ, ಏಳಕ್ಕೆ ಎಬ್ಬಿಸಿಬಿಡಿ. "ಇನ್ನೊಂದು ಬುಟ್ಟಿ ಅಷ್ಟೇ" ಎಂದು ಎಳೆಯಬೇಡಿ. ಮಗುವನ್ನು ಸುಸ್ತು ಮಾಡುವುದು ಕೆಲಸಕ್ಕಿಂತ ಹೆಚ್ಚಾಗಿ ಅದು ಯಾವಾಗ ಮುಗಿಯುತ್ತದೆಂದು ಗೊತ್ತಿಲ್ಲದಿರುವುದು.

ಶಾಲೆಗೆ ಸೇರಿದ್ದನ್ನು ಒಂದು ಕಾಗದದಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿಸಿ. ಒಂದು ಸಲಕ್ಕೆ ಒಂದೇ ಕೋರಿಕೆ ಇರಲಿ: "ಏಳರ ಬಸ್ಸಿನ ಆರು ಮಕ್ಕಳಿಗೆ ಪ್ರಾರ್ಥನೆಗೆ 15 ನಿಮಿಷ ವಿನಾಯಿತಿ". ಹತ್ತು ದೂರು ಒಟ್ಟಿಗೆ ಒಯ್ದರೆ ಒಂದೂ ಆಗುವುದಿಲ್ಲ. ಹೊಡೆತ, ಅವಮಾನದ ವಿಚಾರವಾದರೆ ಕೋರಿಕೆಯ ಪ್ರಶ್ನೆಯೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. ಲೈಂಗಿಕ ಕಿರುಕುಳವೆಂದು ತಿಳಿದರೆ ಮನೆಯಲ್ಲೋ ಶಾಲೆಯಲ್ಲೋ ರಾಜಿ ಮಾಡಿಸುವ ಅಧಿಕಾರ ಯಾರಿಗೂ ಇಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಮೂರನೇ ರಾಶಿಯಲ್ಲಿ ಅಡಿಕೆಯ ಎಲೆಚುಕ್ಕಿ ರೋಗ, ಕೊಳೆರೋಗ, ಬಿದ್ದ ದರ, ಹಾಸಿಗೆ ಹಿಡಿದ ಅಜ್ಜಿ. ಮನೆಯ ಸಾಲದ ಮಾತು ಗೋಡೆಯಾಚೆ ಕೇಳಿಸಿಕೊಂಡ ಮಗು ತನ್ನ ಶಾಲೆಯೇ ನಿಂತುಹೋಗುತ್ತದೆ ಎಂದು ಎಣಿಸುತ್ತದೆ. ಪೂರ್ತಿ ಮುಚ್ಚಿಟ್ಟರೂ ಕೆಟ್ಟದು, ಲೆಕ್ಕವನ್ನೆಲ್ಲ ಅದರ ಮುಂದೆ ಹರವಿದರೂ ಕೆಟ್ಟದು. ನಾಲ್ಕು ಮಾತು ಸಾಕು: "ಈ ವರ್ಷ ಫಸಲು ಕಡಿಮೆ ಮಗಾ. ಸಾಲದ ತಲೆಬಿಸಿ ನನ್ನದು, ಅಮ್ಮಂದು. ನಿನ್ನ ಫೀಸು ತೆಗೆದಿಟ್ಟಿದ್ದೇನೆ. ಹೊಸ ಮೊಬೈಲು ಮಾತ್ರ ಈ ವರ್ಷ ಆಗೋದಿಲ್ಲ." ಫೀಸು ತೆಗೆದಿಟ್ಟಿಲ್ಲವಾದರೆ ಹಾಗೆನ್ನಬೇಡಿ, ಸುಳ್ಳು ಸಿಕ್ಕಿಬಿದ್ದರೆ ಮುಂದಿನ ಸಮಾಧಾನದ ಮಾತು ನಾಟುವುದಿಲ್ಲ.

ಹಂತ 3: ಒತ್ತಡ ಎನ್ನುವ ಮೊದಲು ಮೈ ನೋಡಿ

ಸುಸ್ತು, ಸಿಡುಕು, ಓದಿದ್ದು ತಲೆಗೆ ಹತ್ತದಿರುವುದು: ಇವೆಲ್ಲ ರಕ್ತಹೀನತೆಯಿಂದಲೂ ಬರುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಹುಡುಗಿಯರಿಗೂ 12ರಿಂದ 14ರ ಹುಡುಗರಿಗೂ 12 ಗ್ರಾಂಗಿಂತ, 15 ದಾಟಿದ ಹುಡುಗರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದಂಶವಿದೆ. ಅದನ್ನು ಊಟದ ಮೇಲೆ ನುಂಗಬೇಕು, ಖಾಲಿ ಹೊಟ್ಟೆಗೆ ನುಂಗಿ ವಾಕರಿಕೆ ಬಂದು ಮುಂದಿನ ವಾರದ್ದನ್ನು ಕಿಟಕಿಯಾಚೆ ಎಸೆಯುವ ಮಕ್ಕಳೂ ಉಂಟು. ನುಂಗಿದ ಒಂದು ಗಂಟೆ ಕಾಫಿ, ಚಹಾ ಬೇಡ. ಬೋರ್ಡು ಕಾಣದೆ ತಲೆನೋವು ತರಿಸಿಕೊಳ್ಳುವ ಮಕ್ಕಳೂ ಇದ್ದಾರೆ, ಕಣ್ಣು ಪರೀಕ್ಷೆ ಮಾಡಿಸಿ. ಮುಟ್ಟಿನ ನೋವಿಗೆ ತಿಂಗಳಿಗೆ ಎರಡು ದಿನ ಶಾಲೆ ತಪ್ಪುತ್ತಿದ್ದರೆ ಅದನ್ನು ಸಹಿಸಿಕೋ ಎನ್ನದೆ ಡಾಕ್ಟರಿಗೆ ತೋರಿಸಿ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನ ಊರಿನಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಪರೀಕ್ಷೆಯ ಭಯವೆಂದು ಕೂರಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಮಂಗನ ಕಾಯಿಲೆಯ ಕಾಲ ಅದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನು ನಿದ್ದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ಮೈಯ ಗಡಿಯಾರ ತಾನಾಗೇ ಹಿಂದೆ ಸರಿದು ರಾತ್ರಿ ನಿದ್ದೆ ತಡವಾಗಿ ಹತ್ತುತ್ತದೆ, ಬಸ್ಸು ಮಾತ್ರ ಸರಿಯುವುದಿಲ್ಲ. ಆದ್ದರಿಂದ ಲೆಕ್ಕವನ್ನು ಬಸ್ಸಿನಿಂದ ಹಿಂದಕ್ಕೆ ಹಾಕಿ. ಬಸ್ಸು 7ಕ್ಕೆ, ನಡಿಗೆ 25 ನಿಮಿಷ, ಸ್ನಾನ ತಿಂಡಿಗೆ 50 ನಿಮಿಷ. ಏಳುವುದು 5.45ಕ್ಕೆ. ಎಂಟೂವರೆ ಗಂಟೆ ನಿದ್ದೆಗೆ ರಾತ್ರಿ 9.15ಕ್ಕೆ ಕಣ್ಣು ಮುಚ್ಚಬೇಕು, ಅಂದರೆ 8.45ಕ್ಕೆ ಮೊಬೈಲು ಮಗುವಿನ ಕೈಯಿಂದ ಜಗುಲಿಯ ಚಾರ್ಜರಿಗೆ ಹೋಗಬೇಕು. ದೊಡ್ಡವರದ್ದೂ ಅಲ್ಲೇ ಇರಲಿ, ಇಲ್ಲದಿದ್ದರೆ ಈ ನಿಯಮ ಮೂರು ದಿನ ಬಾಳುವುದಿಲ್ಲ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ. ಕಾಫಿಯ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟವೇ, ಕೊತ್ತಂಬರಿ ಜೀರಿಗೆ ಕಷಾಯ ಕೊಡಿ. ನಸುಕಿನ ನಾಲ್ಕಕ್ಕೆ ಎಬ್ಬಿಸಿ ಓದಿಸುವ ಹಳೆಯ ಪದ್ಧತಿ ರಾತ್ರಿ ಎಂಟಕ್ಕೆ ಮಲಗುತ್ತಿದ್ದ ಕಾಲಕ್ಕೆ ಸರಿಯಿತ್ತು. ಹನ್ನೊಂದಕ್ಕೆ ಮಲಗಿಸಿ ನಾಲ್ಕಕ್ಕೆ ಎಬ್ಬಿಸಿದರೆ ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಹೊತ್ತನ್ನೇ ಕಿತ್ತುಕೊಂಡಂತೆ.

ಹಂತ 4: ಮೈಯ ಬಿಗಿ ಇಳಿಸುವ ಎರಡು ಉಪಾಯ

ಉಸಿರು. ಬೆನ್ನು ನೇರ, ಒಂದು ಕೈ ಹೊಟ್ಟೆಯ ಮೇಲೆ. ಮೂಗಿನಿಂದ ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಒಂದು ಸುತ್ತಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಐದು ನಿಮಿಷ ಮಾಡಬೇಕು. ಇದರಲ್ಲಿ ಕೆಲಸ ಮಾಡುವುದು ಹೊರಬಿಡುವ ಉದ್ದನೆಯ ಉಸಿರು, ಅದರಿಂದಲೇ ಎದೆಬಡಿತ ನಿಧಾನವಾಗುತ್ತದೆ. "ಜೋರಾಗಿ ಉಸಿರು ತಗೋ" ಎಂದು ಹೇಳಿಕೊಡುವುದು ಎಲ್ಲೆಡೆ ಕಾಣುವ ತಪ್ಪು. ದೊಡ್ಡ ದೊಡ್ಡ ಉಸಿರು ಬೇಗ ಬೇಗ ಎಳೆದರೆ ತಲೆ ತಿರುಗಿ, ಬೆರಳು ಜುಮ್ಮೆಂದು ಗಾಬರಿ ಇಮ್ಮಡಿಯಾಗುತ್ತದೆ. ಹೊಟ್ಟೆಯ ಮೇಲಿನ ಕೈ ಮೆಲ್ಲಗೆ ಏಳಬೇಕು, ಭುಜ ಏಳಬಾರದು. ಉಬ್ಬಸವಿರುವ ಮಗು ಉಸಿರು ಹಿಡಿದಿಡುವ ಯಾವ ಅಭ್ಯಾಸವನ್ನೂ ಮಾಡದಿರಲಿ.

ಸ್ನಾಯು. ಮುಷ್ಟಿಯನ್ನು 5 ಸೆಕೆಂಡು ಬಿಗಿ ಹಿಡಿದು ಫಕ್ಕನೆ ಬಿಡಬೇಕು, 20 ಸೆಕೆಂಡು ಆ ಸಡಿಲವನ್ನು ಗಮನಿಸಬೇಕು. ಹೀಗೇ ತೋಳು, ಭುಜ, ಮುಖ, ಹೊಟ್ಟೆ, ಕಾಲು. ಒಂದು ಸಲಕ್ಕೆ ಹತ್ತು ನಿಮಿಷವಾದರೂ ಬೇಕು, ಮಲಗುವ ಹೊತ್ತಿಗೆ ಒಳ್ಳೆಯದು. ಕೂತು ಉಸಿರೆಣಿಸಲು ಆಗದ ಚಡಪಡಿಕೆಯ ಹುಡುಗರಿಗೆ ಇದು ಹೆಚ್ಚು ಹಿಡಿಸುತ್ತದೆ.

ಎರಡರಲ್ಲಿ ಯಾವುದನ್ನಾದರೂ ಮನಸ್ಸು ತಣ್ಣಗಿರುವಾಗ ದಿನಾ, ಕನಿಷ್ಠ ಎರಡು ವಾರ ಮಾಡಬೇಕು. ಪರೀಕ್ಷಾ ಕೊಠಡಿಯಲ್ಲಿ ಮೊದಲ ಸಲ ಮಾಡಿದರೆ ಬರುವುದಿಲ್ಲ. ಈಜು ಕಲಿಯಲು ತುಂಬಿದ ತುಂಗೆಗೆ ಇಳಿದಂತೆ ಅದು. ಅಭ್ಯಾಸವಾದ ಮಗುವಿಗೆ ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಮೊದಲ ಒಂದು ನಿಮಿಷ, ಆರೇ ಉಸಿರು, ಸಾಕಾಗುತ್ತದೆ.

ಹಂತ 5: ಓದಿನ ಭಾರ

"ಎಲ್ಲ ಬಾಕಿ ಇದೆ" ಎನ್ನುವ ಮಗುವಿಗೆ ಎಷ್ಟು ಬಾಕಿಯಿದೆ ಎಂದು ಗೊತ್ತಿರುವುದಿಲ್ಲ. ವಿಷಯಕ್ಕೊಂದು ಹಾಳೆಯಲ್ಲಿ ಪಾಠಗಳ ಹೆಸರು ಬರೆಸಿ. ಪುಸ್ತಕ ಮುಚ್ಚಿ ಹೇಳಬಲ್ಲ ಪಾಠಕ್ಕೆ ಸರಿ ಗುರುತು, ನೋಡಿದರೆ ಅರ್ಥವಾಗುವುದಕ್ಕೆ ಚುಕ್ಕೆ, ಏನೂ ತಿಳಿಯದ್ದಕ್ಕೆ ಸೊನ್ನೆ. ಬೆಟ್ಟದಂತೆ ಕಂಡದ್ದು ಆರೇಳು ಸೊನ್ನೆಗೆ ಇಳಿಯುವುದೇ ಹೆಚ್ಚು. ಮೊದಲು ಚುಕ್ಕೆಗಳನ್ನು ಸರಿ ಮಾಡಿಸಿ, ಸೊನ್ನೆಗಳಿಗೆ ಆಮೇಲೆ ಹೋಗಿ. ಹೆಚ್ಚಿನವರು ಸೊನ್ನೆಯಿಂದ ಶುರುಮಾಡಿ ಮೂರನೇ ದಿನ ಕೈಚೆಲ್ಲುತ್ತಾರೆ.

ಓದುವುದು 25 ನಿಮಿಷ, ಬಿಡುವು 5 ನಿಮಿಷ. ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿರುವುದನ್ನು ಹಾಳೆಯ ಮೇಲೆ ಬರೆಯಬೇಕು, ತಪ್ಪಿದ್ದನ್ನು ನೋಡಿಕೊಳ್ಳಬೇಕು. ಮರುದಿನ ಒಮ್ಮೆ, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಹಾಗೇ. ಗಟ್ಟಿಯಾಗಿ ಹತ್ತು ಸಲ ಓದಿದರೆ ಬಂದಂತೆ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಬರುವುದಿಲ್ಲ, ಆಗ "ಎಷ್ಟು ಓದಿದರೂ ನನ್ನ ತಲೆಗೆ ಹತ್ತೋದಿಲ್ಲ" ಎಂಬ ಹೊಸ ಒತ್ತಡ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರುಗಳಿಗೆ ಇನ್ನೊಂದು ಮಾತು: ಪಿಡಿಎಫ್, ವೀಡಿಯೊ ನಂಬಿ ಕೂರಬೇಡಿ. ಮೇ ತಿಂಗಳಲ್ಲೇ ಬೇಕಾದ ಪ್ರಶ್ನೆಪತ್ರಿಕೆಗಳನ್ನು ಪೇಟೆಯಲ್ಲಿ ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಲಕೋಟೆಯಲ್ಲಿಡಿ.

ಮಲಗಿದ ಮೇಲೆ ಯೋಚನೆ ಸುತ್ತುವ ಮಕ್ಕಳಿಗೆ ಸಂಜೆ ಒಂದು "ಚಿಂತೆ ಹೊತ್ತು" ಗೊತ್ತು ಮಾಡಿ, 15 ನಿಮಿಷ. ಇರುವ ಚಿಂತೆಯನ್ನೆಲ್ಲ ಬರೆಯುವುದು, ಪಕ್ಕದಲ್ಲಿ ನಾಳೆ ಮಾಡಬಹುದಾದ ಒಂದು ಸಣ್ಣ ಕೆಲಸ ಬರೆಯುವುದು. ರಾತ್ರಿ ಮತ್ತೆ ಬಂದರೆ "ಇದಕ್ಕೆ ನಾಳೆ ಆರು ಗಂಟೆ" ಎಂದುಕೊಳ್ಳುವುದು. ಮೊದಲ ವಾರ ಇದು ಹುಡುಗಾಟದಂತೆ ಕಾಣುತ್ತದೆ, ಬಿಡಬೇಡಿ.

ಹಂತ 6: ಹೆದರಿಕೆಯ ಮೆಟ್ಟಿಲು

ಸೋಮವಾರ ಮಾತ್ರ ಹೊಟ್ಟೆನೋವು, ಶಾಲೆಗೆ ರಜೆ ಎಂದೊಡನೆ ಗುಣ. ಇಂಥಲ್ಲಿ ಮನೆಯಲ್ಲೇ ಉಳಿಸಿಕೊಂಡಷ್ಟೂ ಹೆದರಿಕೆ ಬಲಿಯುತ್ತದೆ, ಏಕೆಂದರೆ ತಪ್ಪಿಸಿಕೊಂಡರೆ ಹಾಯಾಗುತ್ತದೆ ಎಂಬ ಪಾಠವನ್ನು ಮೈ ಕಲಿತುಬಿಡುತ್ತದೆ. ಎಳೆದೊಯ್ದು ಬಿಟ್ಟು ಬಂದರೂ ಆಗದು. ಮೆಟ್ಟಿಲು ಕಟ್ಟಬೇಕು.

ತರಗತಿಯಲ್ಲಿ ಇಂಗ್ಲಿಷ್ ಓದಲು ಹೆದರುವ ಹುಡುಗಿಗೆ: ಮನೆಯಲ್ಲಿ ಒಬ್ಬಳೇ ಗಟ್ಟಿಯಾಗಿ ಓದುವುದು (ಹೆದರಿಕೆ 2), ಅಜ್ಜಿಯ ಮುಂದೆ (3), ಒಬ್ಬ ಗೆಳತಿಯ ಮುಂದೆ (4), ಮಧ್ಯಾಹ್ನದ ಬಿಡುವಿನಲ್ಲಿ ಟೀಚರ್ ಒಬ್ಬರ ಮುಂದೆ (6), ತರಗತಿಯಲ್ಲಿ ಮೊದಲೇ ತಿಳಿಸಿದ ಎರಡು ಸಾಲು (7), ಪೂರ್ತಿ ಪ್ಯಾರಾ (9). ಒಂದು ಮೆಟ್ಟಿಲಿನಲ್ಲಿ ಅಂಕೆ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಮೂರು, ನಾಲ್ಕು ಸಲ. ಇದಕ್ಕೆ ಶಿಕ್ಷಕರ ಒಪ್ಪಂದ ಬೇಕು: ಆರು ವಾರ ಇವಳನ್ನು ಹೇಳದೆ ಕೇಳದೆ ಎಬ್ಬಿಸುವುದಿಲ್ಲ, ನಕ್ಕವರನ್ನು ಅಲ್ಲೇ ತಡೆಯುತ್ತೇನೆ. ಒಂದು ಎಚ್ಚರಿಕೆ ಇದೆ. ಶಾಲೆಯಲ್ಲಿ ಯಾರೋ ನಿಜವಾಗಿ ಕಾಡುತ್ತಿದ್ದರೆ ಮೆಟ್ಟಿಲು ಕಟ್ಟುವುದು ಅನ್ಯಾಯ. ಅದು ಎರಡನೇ ರಾಶಿಯ ವಿಚಾರ, ಮೊದಲು ಕಾಟ ನಿಲ್ಲಬೇಕು.

ಮಾತು ಹೇಗಿರಬೇಕು

ಎದುರುಬದುರು ಕೂರಿಸಿ ವಿಚಾರಣೆ ಮಾಡಿದರೆ ಈ ವಯಸ್ಸಿನವರು ಬಾಯಿ ಬಿಡುವುದಿಲ್ಲ. ಬಚ್ಚಲ ಒಲೆಗೆ ಬೆಂಕಿ ಹಾಕುವಾಗ, ತೋಟಕ್ಕೆ ಜೊತೆಯಲ್ಲಿ ನಡೆಯುವಾಗ, ಬೈಕಿನ ಹಿಂದೆ ಕೂತಾಗ ಮಾತು ತಾನೇ ಬರುತ್ತದೆ. ಬಂದಾಗ ಮೊದಲ ಐದು ನಿಮಿಷ ಸಲಹೆ ಕೊಡದೆ ಇರುವುದೇ ದೊಡ್ಡವರ ಪರೀಕ್ಷೆ.

"ಪುಟ್ಟಿ, ಈ ವಾರ ನೀನು ಸರಿಯಾಗಿ ಉಣ್ತಾ ಇಲ್ಲ. ಏನೋ ಭಾರ ಇದ್ದಂಗಿದೆ."
"ಏನಿಲ್ಲಮ್ಮ."
"ಆಯ್ತು, ಈಗಲೇ ಹೇಳ್ಬೇಕು ಅಂತಿಲ್ಲ. ರಾತ್ರಿ ಪಾತ್ರೆ ತೊಳೆಯೋವಾಗ ನಾನಿರ್ತೀನಿ."

ಇಷ್ಟೇ. "ಆಚೆಮನೆ ಹುಡುಗ ನೋಡು, 600 ತೆಗೆದ" ಎಂಬ ಮಾತು, "ನಮ್ಮ ಕಾಲದಲ್ಲಿ ಆರು ಮೈಲಿ ನಡೀತಿದ್ವಿ" ಎಂಬ ಮಾತು ಎರಡನ್ನೂ ಅಟ್ಟಕ್ಕೆ ಹಾಕಿ. ಬಂದ ನೆಂಟರು ಅಂಕ ಕೇಳಿದರೆ ತಂದೆ ತಾಯಿಯೇ ನಡುವೆ ಬಂದು "ಓದ್ತಾ ಇದಾಳೆ, ಕಾಫಿ ಕುಡಿಯಿರಿ" ಎಂದು ಮಾತು ತಿರುಗಿಸಬೇಕು.

ಹಾಸ್ಟೆಲಿನ ಮಕ್ಕಳಿಗೆ ಈ ಬಚ್ಚಲ ಒಲೆ ಇಲ್ಲ. ಮನೆಗೆ ಫೋನ್ ಮಾಡುವ ದಿನ, ಹೊತ್ತು ಖಚಿತವಾಗಿರಬೇಕು, ಅದು ತಪ್ಪಬಾರದು. ಮೊದಲ ಆರು ವಾರ ಮನೆ ನೆನಪಾಗಿ ಅಳುವುದು ಸಹಜ. ಎಲ್ಲರೂ ಊಟಕ್ಕೆ ಕೂತಾಗ ಒಂಟಿಯಾಗಿ ಉಳಿಯುವ ಮಗುವನ್ನು ವಾರ್ಡನ್ ಗುರುತಿಟ್ಟುಕೊಳ್ಳಬೇಕು. ಜೋರಾಗಿ ಅಳುವವರಿಗಿಂತ ಸುಮ್ಮನಾದವರ ಮೇಲೆ ಕಣ್ಣಿರಲಿ.

ಫಲಿತಾಂಶದ ದಿನ

ಹಿಂದಿನ ರಾತ್ರಿಯೇ ಮನೆಯಲ್ಲಿ ಮಾತಾಗಬೇಕು: ಫಲಿತಾಂಶವನ್ನು ಮಗುವಿನ ಜೊತೆ ಯಾರು ನೋಡುತ್ತಾರೆ, ಕಡಿಮೆ ಬಂದರೆ ಮೊದಲ ಮಾತೇನು, ಫೋನು ಯಾರೆತ್ತುತ್ತಾರೆ. ಎಸ್ಸೆಸ್ಸೆಲ್ಸಿಗೆ ಈಗ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದು ಮಗುವಿಗೆ ಗೊತ್ತಿರುತ್ತದೆ, ಆದರೆ ಅಪ್ಪಯ್ಯನಿಗೂ ಗೊತ್ತಿದೆ ಎಂದು ಗೊತ್ತಿರುವುದಿಲ್ಲ. ಬಾಯಿಬಿಟ್ಟು ಹೇಳಿ. ಆ ದಿನ ಮನೆಯಲ್ಲಿ ದೊಡ್ಡವರೊಬ್ಬರು ಇರಲೇಬೇಕು, ತೋಟದ ಔಷಧಿಯ ಬೀಗವನ್ನು ಇನ್ನೊಮ್ಮೆ ನೋಡಿ.

ಆಸ್ಪತ್ರೆಗೆ ಯಾವಾಗ, ಎಲ್ಲಿಗೆ

ನಿದ್ದೆ, ಊಟ, ಆಟ, ಗೆಳೆಯರು: ಇವುಗಳಲ್ಲಿ ಯಾವುದಾದರೂ ಎರಡು, ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಟ್ಟಿದ್ದರೆ, ಶಾಲೆ ಪೂರ್ತಿ ಬಿಟ್ಟಿದ್ದರೆ, ಇಲ್ಲದ ದನಿ ಕೇಳುತ್ತದೆ ಎಂದರೆ, ಕುಡಿತ, ಗಾಂಜಾ ಶುರುವಾಗಿದ್ದರೆ ಕಾಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಈ ವಾರ ಬರುತ್ತಾರೆಯೇ ಎಂದು ವಿಚಾರಿಸಿಕೊಂಡೇ ಬಸ್ಸು ಹತ್ತಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ. ದೇವರ ಹರಕೆ, ನಿಮಿತ್ತ ಕೇಳುವುದು ನಿಮ್ಮ ನಂಬಿಕೆ, ಜೊತೆಗೆ ಇರಲಿ, ಆದರೆ ಅದಕ್ಕಾಗಿ ಚಿಕಿತ್ಸೆಯ ದಿನ ಮುಂದೆ ಹಾಕಬೇಡಿ.

ಹೋಗುವಾಗ ಏಳು ದಿನದ ಪುಸ್ತಕ ಒಯ್ಯಿರಿ, ಮಗು ಒಪ್ಪಿದರೆ. ನುಂಗುತ್ತಿರುವ ಮಾತ್ರೆಗಳ ಹಾಳೆ, ರಕ್ತಪರೀಕ್ಷೆಯ ಚೀಟಿಯೂ ಇರಲಿ. ಡಾಕ್ಟರು ಮಗುವಿನ ಜೊತೆ ಒಂಟಿಯಾಗಿ ಮಾತಾಡಬೇಕು ಎಂದರೆ ಹೊರಗೆ ಕೂರಿ, ಆಮೇಲೆ ಏನು ಮಾತಾಯಿತೆಂದು ಬಸ್ಸಿನಲ್ಲಿ ಕೆದಕಬೇಡಿ. ಮಾತ್ರೆ ಬರೆದುಕೊಟ್ಟರೆ ಗುಣವಾಯಿತೆಂದು ನಡುವೆ ನಿಲ್ಲಿಸಬೇಡಿ, ಡಬ್ಬಿ ದೊಡ್ಡವರ ಕೈಯಲ್ಲಿರಲಿ. ಮುಂದಿನ ಭೇಟಿಯ ದಿನ ಕೊಯ್ಲಿನ ನಡುವೆ ಬಿದ್ದರೆ ಅಂದು ಮಗುವನ್ನು ಕರೆದೊಯ್ಯುವವರು ಯಾರೆಂದು ಆಗಲೇ ಗೊತ್ತು ಮಾಡಿಕೊಳ್ಳಿ, ಎಷ್ಟೋ ಸಲ ಚಿಕಿತ್ಸೆ ತಪ್ಪುವುದು ಇಂಥ ಕಾರಣಕ್ಕೇ. ಶಾಲೆಯ ರಜಾಚೀಟಿಯಲ್ಲಿ "ಆಸ್ಪತ್ರೆಗೆ ಹೋಗಲಿಕ್ಕಿದೆ" ಎಂದಷ್ಟು ಬರೆದರೆ ಸಾಕು.